ಹಳೆಯ ಊರಿನಲ್ಲಿ ಒಂದು ಹ್ಯಾಲೋವೀನ್ ಸಂಜೆ

ವಿಶಾಖಪಟ್ಟಣಕ್ಕೆ ನಮ್ಮ ವರ್ಗವಾಗಿ ಎರಡು ವರ್ಷ ಕಳೆದಿವೆ. ಅದಕ್ಕೂ ಮುಂಚೆ ವಿಜಯವಾಡದಲ್ಲಿದ್ದೆವು. ಏಳನೆಯ ತರಗತಿಯಲ್ಲಿರುವ ನಮ್ಮ ಮಗಳಿಗೆ ಊರು ಎಂದರೆ ಇವೆರಡೇ. ಬಾಗಲಕೋಟೆ ಎಂಬುದು ಬೇಸಿಗೆಯ ರಜೆಯಲ್ಲಿ ಹೋಗಿಬರುವ ಜಾಗ. ಕಳೆದ ಅಕ್ಟೋಬರಿನ ಕೊನೆಯಲ್ಲಿ ಆಕೆ ಕ್ಯಾಲಿಫೋರ್ನಿಯಾದ ವಿಂಚೆಸ್ಟರ್ ಬಂಗಲೆಯ ದೃಶ್ಯಗಳನ್ನು ಮೊಬೈಲಿನಲ್ಲಿ ನೋಡುತ್ತ ಕುಳಿತಿದ್ದಳು. ಬಂದೂಕು ತಯಾರಕರ ಮನೆತನದ ಸಾರಾ ವಿಂಚೆಸ್ಟರ್ ಎಂಬ ವಿಧವೆ 1886ರಲ್ಲಿ ಕೊಂಡು, ವರ್ಷಗಟ್ಟಲೆ ವಿಸ್ತರಿಸುತ್ತ ಹೋದ ಮನೆ ಅದು. ಮೆಟ್ಟಿಲು ಹತ್ತಿ ಹೋದರೆ ಛಾವಣಿಗೆ ತಲೆ ತಾಗುತ್ತದೆ. ಬಾಗಿಲು ತೆರೆದರೆ ಗೋಡೆ. ಆಕೆ ತೀರಿಕೊಂಡ ಮರುವರ್ಷವೇ ಅದು ಪ್ರವಾಸಿಗಳ ಪಾಲಾಯಿತು. ಹ್ಯಾಲೋವೀನ್ ಬಂತೆಂದರೆ ಕತ್ತಲಲ್ಲಿ ದೀಪ ಹಿಡಿದು ಜನ ಅಲ್ಲಿ ಸುತ್ತುತ್ತಾರೆ.

“ನಮ್ಮೂರಾಗ ಇಂಥಾದ್ದು ಇಲ್ಲೇನಪ್ಪಾ?” ಎಂದಳು ಮಗಳು.

ನಮ್ಮೂರು ಎಂಬ ಮಾತಿಗೇ ನಾವು ಒಂದು ಕ್ಷಣ ತಡವರಿಸಿದೆವು. ಆಕೆ ಕೇಳಿದ್ದು ವಿಶಾಖಪಟ್ಟಣದ ಬಗ್ಗೆ ಎಂಬುದು ಆಮೇಲೆ ಹೊಳೆಯಿತು.

ನಾವಿಬ್ಬರೂ ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದಿದವರು. 1764ರ ಹೊರೇಸ್ ವಾಲ್ಪೋಲನ ಕಾದಂಬರಿಯಿಂದ 1898ರ ಹೆನ್ರಿ ಜೇಮ್ಸನ ನೀಳ್ಗತೆಯವರೆಗೆ ಇಂಗ್ಲಿಷಿನ ಭೂತಗಳೆಲ್ಲ ನಮಗೆ ಪರೀಕ್ಷೆಯ ದೃಷ್ಟಿಯಿಂದಲಾದರೂ ಪರಿಚಿತವೇ. ಆ ಕಥೆಗಳಿಗೆಲ್ಲ ಒಂದು ಹಳೆಯ ಮನೆ ಬೇಕು, ಸತ್ತವರ ಹೆಸರು ನೆನಪಿಟ್ಟುಕೊಂಡವರು ಯಾರಾದರೂ ಆ ಮನೆಯಲ್ಲಿರಬೇಕು. ಸರಕಾರಿ ವಸತಿಗೃಹಗಳಲ್ಲಿ ಇಂಥ ಅನುಕೂಲವಿಲ್ಲ. ಆಗಾಗ ವರ್ಗವಾಗಿ ಹೋಗುವವರನ್ನು ನೆಚ್ಚಿ ಯಾವ ದೆವ್ವ ತಾನೇ ಕಾದೀತು ಎಂದು ನಾವು ನಗೆಯಾಡಿದ್ದುಂಟು.

ದಿಲ್ಲಿಯ ಪ್ರವಾಸೋದ್ಯಮ ಇಲಾಖೆಯವರು 2023ರಲ್ಲಿ ಮಾಲ್ಚಾ ಮಹಲಿನಿಂದ ಆರಂಭಿಸಿ ಇಂಥ ನಡಿಗೆಗಳನ್ನು ಏರ್ಪಡಿಸಿದ್ದರು. ತುಘಲಕರ ಕಾಲದ ಬೇಟೆಯ ಮನೆ ಅದು. ಅವಧದ ರಾಜವಂಶದವರೆಂದು ಹೇಳಿಕೊಂಡ ಒಂದು ಕುಟುಂಬ ದಶಕಗಳ ಕಾಲ ಆ ಪಾಳಿನಲ್ಲಿ ಒಂಟಿಯಾಗಿ ಬದುಕಿ, ಒಬ್ಬೊಬ್ಬರಾಗಿ ಅಳಿದುಹೋಯಿತು. ಅವರ ಒಂಟಿತನವೇ ಅಲ್ಲಿನ ಭಯದ ಬಂಡವಾಳ. ಅಂಥದ್ದನ್ನು ಟಿಕೆಟ್ ಕೊಂಡು ನೋಡುವುದು ನಮಗೆ ಅಷ್ಟೇನೂ ಹಿಡಿಸದ ಸಂಗತಿ. ಆದರೂ ಮಗಳ ಮಾತು ತೆಗೆದುಹಾಕಲಾಗದೆ, 31ರಂದು ಅರ್ಧ ದಿನ ರಜೆ ಹಾಕಿ, ಹಳೆಯ ಊರನ್ನು ನಾವೇ ತೋರಿಸುವುದೆಂದು ಹೊರಟೆವು.

ವಿಶಾಖಪಟ್ಟಣಕ್ಕೆ ಬರುವವರು ರಾಮಕೃಷ್ಣ ಬೀಚು, ಕುರ್ಸುರಾ ಜಲಾಂತರ್ಗಾಮಿ, ಕೈಲಾಸಗಿರಿ ನೋಡಿಕೊಂಡು ಮರಳುತ್ತಾರೆ. ಬಂದರಿನ ಬಗಲಿನ ಹಳೆಯ ಊರಿಗೆ ಹೋಗುವವರು ಕಡಿಮೆ. ಅಲ್ಲಿ ಇಕ್ಕಟ್ಟಾದ ಬೀದಿಗಳು, ಒಣಮೀನಿನ ವಾಸನೆ, ವಿಕ್ಟೋರಿಯಾ ರಾಣಿಯ ಪ್ರತಿಮೆ, ಬೊಬ್ಬಿಲಿಯ ರಾಜರು ಕಟ್ಟಿಸಿಕೊಟ್ಟ ಟೌನ್ ಹಾಲ್. ಬಂದರಿನ ನೆತ್ತಿಯ ಮೇಲೆ ಮೂರು ಗುಡ್ಡಗಳು: ಒಂದರಲ್ಲಿ ವೆಂಕಟೇಶ್ವರ, ಒಂದರಲ್ಲಿ ದರ್ಗಾ, ಮತ್ತೊಂದರಲ್ಲಿ ಚರ್ಚು. ಟೌನ್ ಹಾಲಿನ ಕಲ್ಲುಗೋಡೆಗಳು ಸಂಜೆಯ ಬೆಳಕಿನಲ್ಲಿ ಮಗಳ ನಿರೀಕ್ಷೆಗೆ ತಕ್ಕಂತೆಯೇ ಕಂಡವು. “ಒಳಗ ಯಾರರ ಸತ್ತಾರೇನು?” ಎಂದು ಕೇಳಿದಳು. ಭಾಷಣಗಳಾಗಿವೆ, ನಾಟಕಗಳಾಗಿವೆ, ಸತ್ತದ್ದು ಗೊತ್ತಿಲ್ಲ ಎಂದೆವು. ಆಕೆಗೆ ನಿರಾಸೆಯಾಯಿತು.

ಸತ್ತವರಿರುವ ಜಾಗವೂ ಸಮೀಪದಲ್ಲೇ ಇತ್ತು. ಹಳೆಯ ಯುರೋಪಿಯನ್ ಸ್ಮಶಾನ. ಗೇಟಿನ ಬಳಿಯಿದ್ದ ಹಿರಿಯರೊಬ್ಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಕತ್ತಲಾಗುವುದರೊಳಗೆ ಬಂದುಬಿಡಿ ಎಂದು ತೆಲುಗಿನಲ್ಲಿ ಹೇಳಿ ಒಳಗೆ ಬಿಟ್ಟರು. ಗಾರೆ ಕಿತ್ತುಹೋದ ಗೋರಿಗಳು, ನಡುವೆ ಹುಲ್ಲು. ಎಲ್ಲ ಕಲ್ಲುಗಳ ಅಕ್ಷರ ಓದುವಷ್ಟು ಬೆಳಕಿರಲಿಲ್ಲ. ಒಂದು ಕಥೆಯನ್ನು ಮಾತ್ರ ನಾವು ಓದಿಕೊಂಡು ಹೋಗಿದ್ದೆವು.

1780ರ ಅಕ್ಟೋಬರ್ 3. ಕಂಪನಿಯ ಸಿಪಾಯಿಗಳನ್ನು ವಿಶಾಖಪಟ್ಟಣದಿಂದ ಹಡಗು ಹತ್ತಿಸಿ ಮದರಾಸಿಗೆ ಕಳಿಸಬೇಕೆಂದು ಆಜ್ಞೆಯಾಗಿತ್ತು. ಅವರು ಹೋಗಿ ಕಾದಬೇಕಾಗಿದ್ದುದು ಹೈದರಾಲಿಯ ವಿರುದ್ಧ. ಅದಕ್ಕೆ ಮೂರು ವಾರ ಹಿಂದಷ್ಟೇ, ಸೆಪ್ಟೆಂಬರ್ 10ರಂದು, ಪೊಳ್ಳಿಲೂರಿನಲ್ಲಿ ಹೈದರನೂ ಟಿಪ್ಪುವೂ ಕರ್ನಲ್ ಬೇಲಿಯ ಪಡೆಯನ್ನು ಧೂಳೀಪಟ ಮಾಡಿದ್ದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ನಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ಬಾಯಿಬಿಟ್ಟುಕೊಂಡು ನೋಡಿದ ಚಿತ್ರ ಅದೇ ಯುದ್ಧದ್ದು. ಇಲ್ಲಿನ ಸಿಪಾಯಿಗಳು ಹಡಗು ಹತ್ತಲು ಒಪ್ಪಲಿಲ್ಲ. ಬಂದೂಕುಗಳನ್ನು ಅಧಿಕಾರಿಗಳತ್ತಲೇ ತಿರುಗಿಸಿದರು. ಅಂದು ಸತ್ತವರಲ್ಲಿ ಕಿಂಗ್ಸ್‌ಫರ್ಡ್ ವೆನ್ನರ್ ಎಂಬವನು ಈ ಮಣ್ಣಿನಲ್ಲಿದ್ದಾನೆ. 1857ಕ್ಕೆ ಎಪ್ಪತ್ತೇಳು ವರ್ಷ ಮುಂಚಿನ ಮಾತು ಇದು.

ಮಗಳು ಮೌನವಾಗಿ ಕೇಳಿದಳು. ಆಮೇಲೆ, “ಅಂದ್ರ ನಮ್ಮ ಕಡಿಯವರ ಸಲುವಾಗಿ ಇವ ಸತ್ತಾ?” ಎಂದಳು. ಹಾಗೆ ಸರಳವಾಗಿ ಹೇಳಬರುವುದಿಲ್ಲ ಎಂದು ವಿವರಿಸಹೊರಟು ನಾವೇ ಸುಮ್ಮನಾದೆವು. ತೆಲುಗು ನೆಲದ ಒಂದು ಗೋರಿಯ ಮುಂದೆ ನಿಂತು ಆಕೆ ‘ನಮ್ಮ ಕಡಿಯವರು’ ಎಂಬ ಮಾತನ್ನು ಮೊದಲ ಸಲ ಆಡಿದ್ದಳು.

ಮರಳಿ ಬರುವಾಗ ಆಟೋದಲ್ಲಿ ಆಕೆಗೆ ‘ನಾಳೆ ಬಾ’ದ ಕಥೆ ಹೇಳಿದೆವು. ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ ಬಾಗಿಲಿನ ಮೇಲೆ ಆ ಎರಡು ಪದಗಳನ್ನು ಬರೆದಿದ್ದರು. ರಾತ್ರಿ ಪರಿಚಿತ ದನಿಯಲ್ಲಿ ಕರೆಯುವ ಹೆಣ್ಣು ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಓದುಬರಹ ಬಲ್ಲ, ಹೇಳಿದ ಮಾತು ಕೇಳುವ ದೆವ್ವ! ನಮ್ಮ ಆಟೋ ಚಾಲಕರಿಗೆ ಕನ್ನಡ ಬಾರದಿದ್ದರೂ ಕಥೆ ಹೇಗೋ ಗುರುತಾಗಿ, ತಮ್ಮೂರಿನ ಬಾಗಿಲುಗಳ ಮೇಲೆ ‘ಓ ಸ್ತ್ರೀ ರೇಪು ರಾ’ ಎಂದು ಬರೆಯುತ್ತಿದ್ದರೆಂದು ನಗುತ್ತ ಹೇಳಿದರು. ಗಡಿ ದಾಟುವಾಗ ದೆವ್ವ ಭಾಷೆ ಕಲಿತಿತ್ತು. ನಾವು ಅಷ್ಟು ಬೇಗ ಕಲಿಯಲಿಲ್ಲ.

ಮನೆಗೆ ಬಂದು ಊಟಕ್ಕೆ ಕುಳಿತಾಗ ಮಗಳು ಕೇಳಿದ ಪ್ರಶ್ನೆಗೆ ನಾವು ಸಿದ್ಧರಿರಲಿಲ್ಲ. “ಆಯಿ ಇನ್ನೂ ವಿಜಯವಾಡದ ಮನ್ಯಾಗ ಅದಾಳೇನು?”

ಆಯಿ ಎಂದರೆ ನಮ್ಮ ಅವ್ವ. ನಮ್ಮಲ್ಲಿ ಒಬ್ಬರಿಗೆ ಹೆತ್ತವಳು, ಇನ್ನೊಬ್ಬರಿಗೆ ಅತ್ತೆ; ಕರೆದದ್ದು ಇಬ್ಬರೂ ಅವ್ವ ಎಂದೇ. ಅವಳ ಮನೆ ಹಳೆಯ ಬಾಗಲಕೋಟೆಯಲ್ಲಿ, ಘಟಪ್ರಭೆಯ ಕಡೆಗಿತ್ತು. ಆಲಮಟ್ಟಿಯ ಹಿನ್ನೀರು ಏರಿದಾಗ ಆ ಓಣಿ ಮುಳುಗಿ, ಎಲ್ಲರೊಡನೆ ನವನಗರಕ್ಕೆ ಬಂದವಳು. ಹಳೆಯ ಮನೆಯ ನಡುಮನೆಯಲ್ಲಿ ಬಾಣಂತಿಯಾಗಿ ತೀರಿಕೊಂಡ ಅವಳ ಅತ್ತೆ ಅಲ್ಲೇ ಓಡಾಡುತ್ತಾಳೆಂದು ಓಣಿಯವರ ನಂಬಿಕೆ. ಅವ್ವನಿಗೆ ಅದು ಅಂಜಿಕೆಯ ವಿಷಯವೇ ಆಗಿರಲಿಲ್ಲ; ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಒಂದು ಹೋಳಿಗೆ ಹೆಚ್ಚು ಇಡುತ್ತಿದ್ದಳು, ಅಷ್ಟೇ. ಮನೆ ಖಾಲಿ ಮಾಡಿದ ದಿನ ಸಾಮಾನೆಲ್ಲ ಗಾಡಿಗೆ ಏರಿದ ಮೇಲೆ ಒಳಗೆ ಹೋಗಿ ದೀಪ ಹಚ್ಚಿ, “ಅತ್ತೀ, ಬರ್ರಿ, ಹೋಗೂಣು. ನೀರು ಬರ್ತೈತಿ” ಎಂದು ಕರೆದು, ಬಾಗಿಲು ಹಾಕದೆ ಬಂದಳು.

ಮುಂದೆ ವಿಜಯವಾಡದಲ್ಲಿ ನಮ್ಮೊಂದಿಗಿದ್ದಾಗ ಅವಳನ್ನು ಪ್ರಕಾಶಂ ಬ್ಯಾರೇಜಿಗೆ ಕರೆದೊಯ್ಯುತ್ತಿದ್ದೆವು. ಘಟಪ್ರಭೆ ಕೃಷ್ಣೆಯನ್ನು ಸೇರುತ್ತದೆ, ಕೃಷ್ಣೆ ಇಲ್ಲಿಗೆ ಬರುತ್ತದೆ. “ಈ ನೀರು ನಮ್ಮ ಪಡಸಾಲ್ಯಾಗ ಹಾದು ಬಂದೈತಿ” ಎನ್ನುತ್ತಿದ್ದಳು, ಸಂತೆಯಲ್ಲಿ ನೆಂಟರು ಸಿಕ್ಕಂತೆ. ಅವಳು ತೀರಿಕೊಂಡದ್ದು ಅಲ್ಲಿನ ಸರಕಾರಿ ವಸತಿಗೃಹದ ಮೂಲೆಕೋಣೆಯಲ್ಲಿ. ಬೂದಿ ಬಿಟ್ಟದ್ದೂ ಅದೇ ಕೃಷ್ಣೆಯಲ್ಲಿ.

ಆರು ತಿಂಗಳಿಗೆ ವರ್ಗದ ಆದೇಶ ಬಂತು. ಫ್ಯಾನು ಎಷ್ಟು, ನಲ್ಲಿ ಎಷ್ಟು, ಒಡೆದ ಗಾಜು ಎಷ್ಟು ಎಂದು ಪಟ್ಟಿಯೊಡನೆ ತಾಳೆ ನೋಡಿ, ಸಹಿ ಮಾಡಿ, ಬೀಗದ ಕೈ ಒಪ್ಪಿಸಿ ಲಾರಿಯ ಹಿಂದೆ ಹೊರಟೆವು. ಬಾಕಿ ಏನೂ ಇಲ್ಲವೆಂಬ ಪತ್ರವೂ ಕೈಗೆ ಬಂತು. ಯಾರನ್ನೂ ಕರೆಯಬೇಕೆಂದು ನಮಗೆ ಹೊಳೆಯಲಿಲ್ಲ. ನಂಬಿಕೆ ಇಲ್ಲದ್ದರಿಂದ ಕರೆಯಲಿಲ್ಲ ಎಂದರೆ ಅದು ಪೂರ್ತಿ ನಿಜವಲ್ಲ. ನಮಗೆ ಅವಸರವಿತ್ತು.

ಮಗಳ ಪ್ರಶ್ನೆಗೆ ಅಂದು ರಾತ್ರಿ ಉತ್ತರ ಕೊಡಲಿಲ್ಲ. ಎರಡು ವಾರದ ನಂತರ ಕಚೇರಿಯ ಕೆಲಸವೊಂದಕ್ಕೆ ವಿಜಯವಾಡಕ್ಕೆ ಹೋಗಬೇಕಾಗಿ ಬಂದಾಗ ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಮೂವರೂ ಹೊರಟೆವು. ಕೆಲಸ ಮುಗಿಸಿ ಸಂಜೆ ಆ ವಸತಿಗೃಹದ ಮುಂದೆ ನಿಂತಾಗ ಮೂಲೆಕೋಣೆಯ ಕಿಟಕಿಯಲ್ಲಿ ಬೇರೆ ಬಣ್ಣದ ಪರದೆಯಿತ್ತು, ಅಂಗಳದ ಹಗ್ಗದ ಮೇಲೆ ಮಕ್ಕಳ ಸಮವಸ್ತ್ರ ಒಣಗುತ್ತಿತ್ತು. ಹೆಣ್ಣುಮಗಳೊಬ್ಬರು ಹೊರಬಂದು, “ಎವರು ಕಾವಾಲಂಡಿ?” ಎಂದು ಕೇಳಿದರು. ಯಾರು ಬೇಕು?

ಹಿಂದೆ ಇದೇ ಮನೆಯಲ್ಲಿದ್ದವರು, ಈ ಕಡೆ ಬಂದಿದ್ದೆವು, ಸುಮ್ಮನೆ ನೋಡಿ ಹೋಗೋಣವೆಂದು ನಿಂತೆವು ಎಂದು ತೆಲುಗಿನಲ್ಲಿ ಹೇಳಿದೆವು. ಅವರು ಒಳಗೆ ಕರೆದರು. ರೈಲಿಗೆ ಹೊತ್ತಾಯಿತೆಂದು ನೀರು ಮಾತ್ರ ಕುಡಿದೆವು. ಗ್ಲಾಸು ಹಿಂದಿರುಗಿಸಿ ಗೇಟಿನವರೆಗೆ ಬಂದ ಮೇಲೆ ನೋಡಿದರೆ ಮಗಳು ಜೊತೆಯಲ್ಲಿರಲಿಲ್ಲ. ಆಕೆ ಮೂಲೆಕೋಣೆಯ ಕಿಟಕಿಯ ಕೆಳಗೆ ನಿಂತಿದ್ದಳು. ಏನು ಹೇಳಿದಳೋ ನಮಗೆ ಕೇಳಿಸಲಿಲ್ಲ. ಬಂದವಳು ಗೇಟನ್ನು ಹಾಕಲಿಲ್ಲ, ನಾವೂ ಹಾಕಲಿಲ್ಲ.