ಆ ಇನ್ನೊಂದು ಆಲ್ಫಾ

ಏಪ್ರಿಲ್ ಮಧ್ಯಾಹ್ನ ರಾಯಚೂರಿನ ಎರೆಹೊಲದಲ್ಲಿ ಬರಿಗಾಲಿಡಲಾಗದು. ನನ್ನ ಪ್ರೋಗ್ರಾಮ್ ಮಾತ್ರ ಆ ಹೊಲ ತಣ್ಣಗಿದೆ ಎನ್ನುತ್ತಿತ್ತು. ಮಣ್ಣಿನಲ್ಲಿ ಹೂತಿಟ್ಟ ಥರ್ಮಾಮೀಟರ್ ತೋರಿಸಿದ್ದಕ್ಕೂ ಅದರ ಲೆಕ್ಕಕ್ಕೂ ತಾಳೆಯೇ ಇಲ್ಲ. ನನ್ನ ಪಿಎಚ್‌ಡಿಯ ಕೊನೆಯ ಅಧ್ಯಾಯ ನಿಂತಿದ್ದು ಆ ಲೆಕ್ಕದ ಮೇಲೆ.

ಹದಿನೈದು ದಿನ ಹಿಂದೆ ಎಲ್ಲ ಸರಿಯಿತ್ತು. ಆಮೇಲೆ ಮಾಡಿದ್ದು ಎರಡೇ ಬದಲಾವಣೆ. ಮಣ್ಣಿನೊಳಗೆ ಶಾಖ ಹರಿಯುವ ಸಮೀಕರಣ ತಿದ್ದಿದೆ. ಬೇರೆಬೇರೆ ಫೈಲುಗಳಲ್ಲಿದ್ದ ಫೋರ್ಟ್ರಾನ್ ಮಾಡ್ಯೂಲ್‌ಗಳನ್ನು ಒಂದೇ ಫೈಲಿಗೆ ತಂದೆ. ಎರಡನೆಯದನ್ನು ನಾನು ಬದಲಾವಣೆ ಎಂದೇ ಎಣಿಸಿರಲಿಲ್ಲ. ಅನುಮಾನವೆಲ್ಲ ಸಮೀಕರಣದ ಮೇಲೆ. ಕಾಗದದ ಮೇಲೆ ಮತ್ತೆ ಬಿಡಿಸಿದೆ, ಮತ್ತೆ ಅದೇ ಬಂತು.

"ಎಲ್ಲೋ ಚಿಹ್ನೆ ತಪ್ಪಿರಬೇಕು, ನೋಡಮ್ಮ" ಎಂದರು ಗೈಡ್.

"ನೋಡ್ತಿದ್ದೀನಿ ಸರ್."

ಐದು ವಾರ ನೋಡಿದೆ. ಊಟ ಸೇರುತ್ತಿರಲಿಲ್ಲ. ಒಂದು ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಇದು ನನ್ನ ಕೈಲಾಗಲ್ಲ, ಬಿಟ್ಟು ಬಂದುಬಿಡ್ತೀನಿ ಎಂದು ಅತ್ತೆ.

ಆರನೆಯ ವಾರ, ಬೇರೇನೂ ತೋಚದೆ, ಬಿಸಿಲಿನ ಲೆಕ್ಕ ಹಾಕುವ ಸಬ್‌ರೂಟೀನ್‌ನೊಳಗಿನ ಪ್ರತಿಯೊಂದು ಬೆಲೆಯನ್ನೂ ಪ್ರಿಂಟ್ ಮಾಡಿಸಿದೆ. ಆಲ್ಫಾ: 0.5. ನನ್ನ ಮಾಡ್ಯೂಲ್‌ನಲ್ಲಿ ನಾನೇ ಬರೆದಿದ್ದ ಆಲ್ಫಾ 0.15. ಎರೆಮಣ್ಣು ಬಿಸಿಲಿನಲ್ಲಿ ಎಷ್ಟು ಪಾಲನ್ನು ಹಿಂದಕ್ಕೆ ಕಳಿಸುತ್ತದೆ ಎಂಬುದರ ಅಂಕಿ ಅದು. ಅರ್ಧ ಬಿಸಿಲು ಹಿಂದಕ್ಕೆ ಹೋದರೆ ಹೊಲ ಕಾಯುವುದಾದರೂ ಹೇಗೆ?

ಈ 0.5 ಬಂದದ್ದು ಪಕ್ಕದ ಮಾಡ್ಯೂಲ್‌ನಿಂದ. ಹಳೆಯ ಬೆಲೆಗೂ ಹೊಸ ಬೆಲೆಗೂ ಸಮ ತೂಕ ಕೊಡುವ ಕ್ರ್ಯಾಂಕ್-ನಿಕಲ್ಸನ್ ವಿಧಾನಕ್ಕೆಂದು ನಮ್ಮ ಸೀನಿಯರ್ ಒಬ್ಬರು ಅಲ್ಲೊಂದು ಆಲ್ಫಾ ಇಟ್ಟು, ಅದಕ್ಕೆ ಪ್ರೈವೇಟ್ ಎಂದು ಬರೆದಿದ್ದರು. ಹಾಗೆ ಬರೆದ ಹೆಸರು ಆ ಮಾಡ್ಯೂಲ್ ದಾಟಿ ಹೊರಗೆ ಕಾಣಕೂಡದು. 1957ರಿಂದ ಇರುವ ಫೋರ್ಟ್ರಾನ್‌ಗೆ 'ಫೋರ್ಟ್ರಾನ್ 90'ರಲ್ಲಿ ಮಾಡ್ಯೂಲ್ ಬಂದಾಗ ಜೊತೆಗೇ ಬಂದ ಕಟ್ಟುಪಾಡು ಇದು. ನನ್ನ ಸಬ್‌ರೂಟೀನ್ 'ಯೂಸ್' ಎಂದು ಆ ಮಾಡ್ಯೂಲನ್ನು ಕರೆದಾಗ ಕಂಪೈಲರ್ ಈ ಕಟ್ಟುಪಾಡನ್ನು ಮರೆತಿತ್ತು. ಯೂಸ್ ಮೂಲಕ ಒಳಗೆ ಬಂದ ಹೆಸರು ಹೊರಸುತ್ತಿನ ಅದೇ ಹೆಸರನ್ನು ಮರೆಮಾಡುತ್ತದೆ. ಭಾಷೆಯ ನಿಯಮವೇ ಹಾಗಿದೆ. ಆದ್ದರಿಂದ ಒಂದು ಎಚ್ಚರಿಕೆಯೂ ಬರಲಿಲ್ಲ. 'ಇಂಪ್ಲಿಸಿಟ್ ನನ್' ಹಾಕಿದ್ದೆ. ಅದು ಘೋಷಿಸದ ಹೆಸರನ್ನು ಹಿಡಿಯುತ್ತದೆ, ಇಲ್ಲಿ ಎರಡೂ ಘೋಷಿಸಿದವೇ.

ಆಗಲೂ ಕಂಪೈಲರ್ ತಪ್ಪಿದೆ ಎನ್ನಲು ನನಗೆ ಧೈರ್ಯ ಬರಲಿಲ್ಲ. ಸಾವಿರಾರು ಸಾಲುಗಳನ್ನು ಒಂದೊಂದಾಗಿ ತೆಗೆಯುತ್ತ ಮೂವತ್ತಕ್ಕೆ ಇಳಿಸಿದೆ. ಮಾಡ್ಯೂಲ್‌ಗಳು ಬೇರೆ ಫೈಲುಗಳಲ್ಲಿದ್ದರೆ 0.15, ಒಂದೇ ಫೈಲಿನಲ್ಲಿದ್ದರೆ 0.5. ಇನ್ನೊಂದು ಕಂಪೈಲರ್‌ನಲ್ಲಿ ಎರಡು ಸಲವೂ 0.15. ಆ ಮೂವತ್ತು ಸಾಲನ್ನು ಕಂಪೈಲರ್ ಬರೆದವರಿಗೆ ಕಳಿಸಿದೆ. ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು, ಮುಂದಿನ ಆವೃತ್ತಿಯಲ್ಲಿ ಸರಿಪಡಿಸಿದರು. ನಾನು ಅಷ್ಟರಲ್ಲಿ 'ಯೂಸ್' ಇದ್ದಲ್ಲೆಲ್ಲ 'ಓನ್ಲಿ' ಸೇರಿಸಿ, ಬೇಕಾದ ಹೆಸರುಗಳನ್ನಷ್ಟೇ ಕರೆದೆ, ನನ್ನ ಆಲ್ಫಾಕ್ಕೆ ಆಲ್ಬೆಡೊ ಎಂದು ಹೆಸರಿಟ್ಟೆ. ಹೊಲ ಕಾಯಿತು.

ನನ್ನ ತಪ್ಪು ಉತ್ತರ ಕಣ್ಣಿಗೆ ಹೊಡೆಯುವಷ್ಟು ದೊಡ್ಡದಿತ್ತು. ಪಕ್ಕದವರ ಆಲ್ಫಾ 0.5 ಅಲ್ಲದೆ 0.17 ಆಗಿದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ಪ್ರಬಂಧ ಹಾಗೆಯೇ ಹೋಗಿಬಿಡುತ್ತಿತ್ತು. ಅದನ್ನು ನೆನೆದು ಆ ವಾರವೇ ಹಿಂದಿನ ಅಧ್ಯಾಯಗಳ ಲೆಕ್ಕಗಳನ್ನೆಲ್ಲ ಇನ್ನೊಂದು ಕಂಪೈಲರ್‌ನಲ್ಲಿ ಮೊದಲಿನಿಂದ ಓಡಿಸಿದೆ.