ಕಾಲವರಿತು ಉಣ್ಣುವ ಸವಿ



ನಮ್ಮ ವಿದ್ಯಾರ್ಥಿನಿಲಯದಲ್ಲಿ ಓದಿ ಈಗ ಜಪಾನ್ ದೇಶದಲ್ಲಿ ಉದ್ಯೋಗದಲ್ಲಿರುವ ಶಿಷ್ಯರೊಬ್ಬರ ಪತ್ರ ಈಚೆಗೆ ನಮ್ಮ ಕೈಸೇರಿತು. ಅದರ ತುಂಬ ಆ ನಾಡಿನ ಸಿಹಿತಿಂಡಿಗಳ ವಿಚಾರವೇ ಇದ್ದಿತು. ವಸಂತದಲ್ಲಿ ಚೆರ್ರಿ ಹೂವು ಅರಳುವಾಗ ಅದೇ ಮರದ, ಉಪ್ಪಿನಲ್ಲಿಟ್ಟ ಎಲೆಯಲ್ಲಿ ಸುತ್ತಿದ ‘ಸಕುರಮೋಚಿ’. ಮೇ ೫ರ ಮಕ್ಕಳ ಹಬ್ಬಕ್ಕೆ ಓಕ್ ಎಲೆಯಲ್ಲಿ ಮಡಿಸಿದ ‘ಕಶಿವಮೋಚಿ’. ಶರತ್ಕಾಲದ ಹುಣ್ಣಿಮೆಗೆ ಅಕ್ಕಿಹಿಟ್ಟಿನ ಉಂಡೆ. ಮೋಚಿಯ ಒಳಗಿನ ಹೂರಣವು ಕೆಂಪು ಕಾಳನ್ನು ಬೇಯಿಸಿ ಸಕ್ಕರೆ ಸೇರಿಸಿ ಮಾಡಿದ್ದು. ಮೊದಲ ತುತ್ತಿಗೇ ಅವರಿಗೆ ತಾಯಿ ಮಾಡುತ್ತಿದ್ದ ಹೋಳಿಗೆಯ ನೆನಪಾಯಿತಂತೆ. ಹೂವಿನ ಕಾಲ ಕಳೆದರೆ ಆ ತಿಂಡಿಗೆ ಮತ್ತೆ ಒಂದು ವರ್ಷ ಕಾಯಬೇಕು. ಆ ಕಾಯುವಿಕೆಯೇ ಅವರಿಗೆ ಹೆಚ್ಚು ಹಿಡಿಸಿದೆ.

ಈ ಅನುಭವ ನಮಗೆ ಅಪರಿಚಿತವಲ್ಲ. ಈ ಸೀಮೆಗೆ ನಾವೂ ಹೊರಗಿನಿಂದ ಬಂದವರೇ. ನಮ್ಮ ಬಾಲ್ಯ ಕಳೆದುದು ವಿಜಯಪುರದ ಕಡೆಯ ಜೋಳದ ಹೊಲಗಳ ನಡುವೆ. ಎಳೆಯ ತೆನೆಯನ್ನು ಸುಟ್ಟು ತಿಕ್ಕಿದ ಸೀತನಿ, ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಇವೇ ನಮಗೆ ಪಂಚಾಂಗವಾಗಿದ್ದವು. ಕಾಶಿಯಲ್ಲಿ ಶಾಸ್ತ್ರಾಧ್ಯಯನವನ್ನೂ ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ವ್ಯಾಸಂಗವನ್ನೂ ಮುಗಿಸಿ ಅರಸೀಕೆರೆಯ ಸೀಮೆಗೆ ಬಂದಾಗ ಇಲ್ಲಿಯ ನೆಲವು ಮತ್ತೊಂದು ಪಂಚಾಂಗವನ್ನು ಕಲಿಸಿತು.

ಅರಸೀಕೆರೆಯಿಂದ ಜಾವಗಲ್ಲು, ಹಳೇಬೀಡುಗಳ ಮೇಲೆ ಬೇಲೂರಿಗೆ ಹೋಗುವ ಹಾದಿ ದೀರ್ಘವಾದುದಲ್ಲ. ಆದರೆ ಅಷ್ಟರಲ್ಲಿಯೇ ಒಣಭೂಮಿ ಕಳೆದು ಮಲೆನಾಡಿನ ಸೆರಗು ತೊಡಗುತ್ತದೆ. ಊಟದ ಎಲೆಯೂ ಬದಲಾಗುತ್ತದೆ. ಬೇಲೂರಿನ ಕಡೆ ಮಳೆ ಹಿಡಿದ ದಿನಗಳಲ್ಲಿ, ದಿನದಿನವೂ ನೀರು ಬದಲಿಸಿ ನೆನೆಸಿದ ಕಳಲೆಯ ಪಲ್ಯ. ಅದಕ್ಕೆ ಮೊದಲು ಹಲಸಿನ ಕಾಲ. ೧೧೧೭ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯದ ಮದನಿಕೆಯೊಂದರ ಮೇಲಣ ಲತೆಯಲ್ಲಿ ಹಣ್ಣು, ಹಣ್ಣಿನ ಮೇಲೆ ನೊಣ, ನೊಣವನ್ನು ಹೊಂಚುವ ಹಲ್ಲಿಯನ್ನು ಅಲ್ಲಿಯವರು ತೋರಿಸುತ್ತಾರೆ. ಹಣ್ಣು ಮಾಗಿದ ಗಳಿಗೆಯನ್ನು ಆ ಶಿಲ್ಪಿಯೂ ಕಂಡಿದ್ದನು.

ಹಳೇಬೀಡಿನ ಸುತ್ತ ಮಾರ್ಗಶಿರ, ಪುಷ್ಯಗಳೆಂದರೆ ಅವರೆಯ ಕಾಲ. ಮಂಜು ಬಿದ್ದ ಮುಂಜಾನೆ ಹೊಲದ ಬದುವಿನಲ್ಲಿ ನಡೆದರೆ ಸೊಗಡು ಬಟ್ಟೆಗೂ ಹತ್ತುತ್ತದೆ. ಸಂಜೆ ಮನೆಮಂದಿಯೆಲ್ಲ ಜಗಲಿಯಲ್ಲಿ ಕುಳಿತು ನೆನೆದ ಕಾಳನ್ನು ಹಿದುಕುವರು. ರಾತ್ರಿ ಹಿದುಕಿದ ಬೇಳೆಯ ಸಾರು, ರಾಗಿಯ ಮುದ್ದೆ. ನಾಟಿ ಅವರೆಯು ಹಗಲು ಕಿರಿದಾದಲ್ಲದೆ ಹೂವು ಬಿಡುವುದಿಲ್ಲ.

ಇನ್ನು ಅರಸೀಕೆರೆಯ ತೆಂಗು. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಸುಮಾರು ೧೨ ತಿಂಗಳು. ಕೆಡವಿದ ಕಾಯಿ ಉಂಡೆಕೊಬ್ಬರಿಯಾಗಲು ಅಟ್ಟದ ಮೇಲೆ ಮತ್ತೆ ೮ರಿಂದ ೧೨ ತಿಂಗಳು ಇರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗುಡುಗುಡು ಎನ್ನಬೇಕು. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ನಾವು ಅಗಿಯುವ ಚಿಕ್ಕ ಚೂರಿನಲ್ಲಿ ಸುಮಾರು ಎರಡು ವರ್ಷದ ಕಾಯುವಿಕೆ ಅಡಗಿದೆ.

೧೯೯೮ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಪೀಡೆ ಮುಂದೆ ನಮ್ಮ ತೋಟಗಳಿಗೂ ಬಂದಿತು. ಅದರ ಮೇಲೆ ಬರಗಾಲ. ಅಂಥದೊಂದು ವರ್ಷ ಸಂಕ್ರಾಂತಿಯ ಮುನ್ನಾದಿನ ವೃದ್ಧ ಭಕ್ತರೊಬ್ಬರು ಮೂರು ಕೊಬ್ಬರಿಗಳನ್ನು ತಂದು ಮುಂದಿಟ್ಟು, “ಅಟ್ಟದಲ್ಲಿ ಉಳಿದದ್ದು ಇಷ್ಟೇ ಬುದ್ಧೀ” ಎಂದರು. ಮಾರಿದರೆ ಅವರ ಮನೆಗೆ ಉಪ್ಪು ಮೆಣಸಿಗಾಗುತ್ತಿತ್ತು. ಹಿಂದಿರುಗಿಸಹೋದರೆ ಅವರು ನೊಂದುಕೊಳ್ಳುವರೆಂದು ಸ್ವೀಕರಿಸಿದೆವು. ಮರುದಿನ ಅಡುಗೆಯವರು ಅದನ್ನು ಹೂವಿನ ಎಸಳಿನಷ್ಟು ತೆಳ್ಳಗೆ ಹೆರೆದರು. ಪಂಕ್ತಿಯಲ್ಲಿದ್ದ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೊಂದು ಎಸಳು ಬಂದಿತು. ಪ್ರಸಾದವೆಂಬ ಮಾತಿಗೆ ಗ್ರಂಥಗಳಲ್ಲಿ ಓದಿದ ವಿವರಣೆಗಳು ನಮಗೆ ಅಂದು ಕಣ್ಣಿಗೆ ಕಂಡವು.

ಈಚೆಗೆ ವಿದ್ಯಾರ್ಥಿಗಳನ್ನು, “ಅವರೆ ಯಾವ ಮಾಸದ ಬೆಳೆ?” ಎಂದು ಕೇಳಿದೆವು. “ಯಾವಾಗಲೂ ಸಿಗುತ್ತದೆ” ಎಂದು ಉತ್ತರ ಬಂದಿತು. ಅದು ಸುಳ್ಳಲ್ಲ. ಹಗಲಿನ ಉದ್ದಗಲವನ್ನು ನೋಡದೆ ಕಾಯಿ ಬಿಡುವ ‘ಹೆಬ್ಬಾಳ ಅವರೆ’ಯ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ನೀಡಿದೆ. ಅದರಿಂದ ರೈತನ ಕೈಯಲ್ಲಿ ಎಲ್ಲ ಕಾಲಕ್ಕೂ ನಾಲ್ಕು ಕಾಸು ಆಡಿದರೆ ಸಂತೋಷವೇ. ಅದನ್ನು ಹಳಿಯುವ ಅಧಿಕಾರ ಕುಳಿತು ಉಣ್ಣುವವರಿಗಿಲ್ಲ. ಆದರೆ ಕಾಯದೆ ದೊರೆತುದಕ್ಕೆ ಕೈಮುಗಿಯುವುದನ್ನು ಮಕ್ಕಳು ಎಲ್ಲಿ ಕಲಿಯಬೇಕು? ನಮ್ಮ ಚಿಂತೆ ಇದೊಂದೇ.

ಆದುದರಿಂದ ವಾಚಕರಲ್ಲಿ ನಮ್ಮದೊಂದು ಬಿನ್ನಹ. ನೀವು ಊರಿನಲ್ಲಿರಿ, ಕಡಲಾಚೆಯಿರಿ, ಯಾವುದಾದರೂ ಒಂದು ಪದಾರ್ಥವನ್ನು ಅದರ ಕಾಲ ಬರುವವರೆಗೆ ಮನೆಗೆ ತರದಿರಿ. ಬಂದ ದಿನ, ಅದನ್ನು ಬೆಳೆದವರು ಯಾರು, ಅದು ಎಷ್ಟು ದಿನ ಬಿಸಿಲು ಮಂಜು ಉಂಡಿತು ಎಂಬುದನ್ನು ಮಕ್ಕಳಿಗೆ ಹೇಳಿರಿ. ಮೊದಲ ಬಟ್ಟಲನ್ನು ನೆರೆಮನೆಗೆ ಕೊಟ್ಟು ಬರಲು ಅವರನ್ನೇ ಕಳುಹಿಸಿರಿ.