ಮೆಣಸಿನ ಏಣಿಯ ತುದಿಯಲ್ಲಿ ಎರಡು ಕಡ್ಡಿ ನೆಟ್‌ವರ್ಕ್

2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣು ಜರಿದು ಮಂಗಳೂರಿನ ರೈಲು ನಿಂತಿತು. 30ರಂದು ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಶಿರಾಡಿಯ ಹೆದ್ದಾರಿಯೂ ಮುಚ್ಚಿತು. ಮರುದಿನ ಹನ್ನೊಂದು ಗಂಟೆಗೆ ಅಣ್ಣನ ಮಗಳಿಗೆ ಮಂಗಳೂರಿನಲ್ಲಿ ಕೆಲಸದ ಸಂದರ್ಶನ. ಆನ್‌ಲೈನ್‌ನಲ್ಲೇ ಬನ್ನಿ ಎಂದರು ಸಂದರ್ಶಕರು. ಯಸಳೂರು ಕಡೆಯ ನಮ್ಮ ತೋಟದ ಮನೆಯಲ್ಲಿ ಕರೆಂಟಿಲ್ಲ, ಯುಪಿಎಸ್ ಮಲಗಿದೆ, ವೈಫೈ ಡಬ್ಬಿಯ ದೀಪ ಆರಿದೆ.

"ಚಿಕ್ಕಪ್ಪ, ಮೇಲಿನ ಬ್ಲಾಕಲ್ಲಿ ನೆಟ್‌ವರ್ಕ್ ಬರುತ್ತೆ. ಹೋಗೋಣ ಬನ್ನಿ."

ಹೋಗುವುದೇನೋ ಸರಿ. ಆದರೆ ಆಲೂರು, ಸಕಲೇಶಪುರದ ತೋಟಗಳಲ್ಲಿ ಕಾಡಾನೆ ಇರುವ ಕಡೆ ಹೆಜ್ಜೆ ಇಡುವ ಮುಂಚೆ ವಾಟ್ಸಾಪ್‌ನ ಆನೆ ಗ್ರೂಪ್ ನೋಡಲೇಬೇಕು. ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ ಅರ್ಜುನ ಒಂಟಿ ಸಲಗದೊಡನೆ ಕಾದಾಡಿ ಸತ್ತದ್ದು ಇದೇ ಯಸಳೂರು ವಲಯದಲ್ಲಿ, 2023ರ ಡಿಸೆಂಬರ್ 4ರಂದು. ಆನೆಗಳ ಗುಂಪು ಹಳ್ಳದ ಆಚೆಗಿದೆ ಎಂದಿತ್ತು, ಯುಪಿಎಸ್ ಮಲಗುವ ಮೊದಲು ಬಂದ ಬೆಳಗಿನ ಸಂದೇಶ. ಜೀಪು ಹತ್ತಿದೆವು.

ಕೆಸರಲ್ಲಿ ಚಕ್ರ ಜಾರುತ್ತಿದೆ, ವೈಪರ್ ಸಾಲುತ್ತಿಲ್ಲ, ಗಂಟೆ ಹತ್ತೂವರೆ. ಮೇಲೆ ತಲುಪಿ ನೋಡಿದರೆ ಫೋನಿನಲ್ಲಿ ಒಂದೇ ಕಡ್ಡಿ, ಅದೂ ಬಂದು ಹೋಗುವ ಕಡ್ಡಿ. ಸುತ್ತಲೂ ಒದ್ದೆ ಎಲೆ. ನೀರು ಕುಡಿದ ಸೊಪ್ಪು ಸಿಗ್ನಲನ್ನು ನುಂಗುತ್ತದೆ, ಗಿಡದ ಮರೆಯಲ್ಲಿ ನಿಂತು ಎಷ್ಟು ಒದ್ದಾಡಿದರೂ ಇಷ್ಟೇ. ಸಿಲ್ವರ್ ಮರಕ್ಕೆ ಮೆಣಸು ಕೊಯ್ಯುವ ಬಿದಿರೇಣಿ ಒರಗಿಸಿತ್ತು. ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಬಿಗಿದು, ಏಣಿ ಹತ್ತಿದೆ. ಒಂದೊಂದು ಮೆಟ್ಟಿಲೂ ಲೋಳೆ. ಮೆಣಸಿನ ಬಳ್ಳಿ ದಾಟಿ, ಕಾಫಿ ಗಿಡಗಳ ನೆತ್ತಿ ದಾಟಿ, ಕಣಿವೆ ಬಯಲಾಗುವ ಎತ್ತರದಲ್ಲಿ ಫೋನು ಕಟ್ಟಿದೆ. ಎರಡು ಕಡ್ಡಿ! 4ಜಿ! ಹಾಟ್‌ಸ್ಪಾಟ್ ಆನ್ ಮಾಡುವಾಗ ಕೆಳಗಿಂದ ಕೂಗಿದಳು: "ಐದು ಗಿಗಾಹರ್ಟ್ಸ್ ಬೇಡ, 2.4ಕ್ಕೆ ಹಾಕಿ. ದೂರ ಬರೋದು ಅದೇ."

ಹನ್ನೊಂದಕ್ಕೆ ಐದು ನಿಮಿಷವಿದೆ. ಜೀಪಿನೊಳಗೆ ಲ್ಯಾಪ್‌ಟಾಪ್ ತೆರೆದು ಮೀಟಿಂಗಿಗೆ ಸೇರಿದಳು. ಮೂರು ಮುಖ ಕಂಡವು. ಇವಳು ಮಾತಾಡುತ್ತಾಳೆ, ಅವರು ಕಿವಿ ತೋರಿಸಿ ಕೈಯಾಡಿಸುತ್ತಾರೆ. ಮೈಕ್ ಮ್ಯೂಟ್ ಆಗಿಲ್ಲ. ಮತ್ತೇನು? ಮೈಕಿನ ಪಕ್ಕದ ಬಾಣದ ಗುರುತು ಒತ್ತಿದಳು: ಬ್ಯಾಗಿನಲ್ಲಿದ್ದ ಬ್ಲೂಟೂತ್ ಇಯರ್‌ಫೋನೇ ಮೈಕ್ ಆಗಿ ಕೂತಿತ್ತು. ಅದನ್ನು ಬಿಡಿಸಿ ವೈರಿನ ಇಯರ್‌ಫೋನ್ ಚುಚ್ಚಿದಳು. ಟಾಪಿನ ಮೇಲೆ ಮಳೆ ಬಡಿಯುತ್ತಿದ್ದರೂ ಬಾಯಿಯ ಬಳಿ ಹಿಡಿದ ಆ ಸಣ್ಣ ಮೈಕು ಮಾತನ್ನು ಮಾತಾಗಿಯೇ ದಾಟಿಸಿತು. ಸ್ಪೀಕರಿನಲ್ಲಿ ಕೇಳಿಸಿಕೊಂಡಿದ್ದರೆ ಅವರ ದನಿಯೇ ನಮ್ಮ ಮೈಕಿಗೆ ಹೊಕ್ಕು ಪ್ರತಿಧ್ವನಿ ಏಳುತ್ತಿತ್ತು. ಇಯರ್‌ಫೋನ್ ಆ ಕಾಟವನ್ನೂ ತಪ್ಪಿಸಿತು.

ಮೊದಲ ಪ್ರಶ್ನೆಗೆ ಉತ್ತರ ಅರ್ಧವಾಗಿದೆ, ಅವಳ ಮುಖ ಪರದೆಯಲ್ಲಿ ಕಲ್ಲಾಯಿತು. ಮಾತು ತುಂಡು ತುಂಡು. ನಾನು ಕೈಸನ್ನೆ ಮಾಡುವ ಮೊದಲೇ ಅವಳು ಹೇಳಿದಳು: "ಸರ್, ಇಲ್ಲಿ ನೆಟ್‌ವರ್ಕ್ ಕಡಿಮೆ. ವಿಡಿಯೊ ಆಫ್ ಮಾಡ್ತೀನಿ." ದನಿಗೆ ಸೆಕೆಂಡಿಗೆ ನೂರು ಕಿಲೋಬಿಟ್‌ನೊಳಗೆ ಸಾಕು, ಚೆಂದದ ವಿಡಿಯೊಗೆ ಅದರ ಎಷ್ಟೋ ಪಟ್ಟು ಬೇಕು. ಇರುವಷ್ಟು ದಾರಿಯನ್ನು ದನಿಗೆ ಬಿಟ್ಟುಕೊಡುವುದೇ ಬುದ್ಧಿ. ಮಾತು ಸರಾಗವಾಯಿತು. ಎರಡನೇ ಪ್ರಶ್ನೆ. ಮೂರನೇ ಪ್ರಶ್ನೆ.

ಆಗ ಮರದ ಮೇಲಿನ ಫೋನು ರಿಂಗಾಯಿತು.

ಅಷ್ಟು ಸಣ್ಣ ಸಿಗ್ನಲ್‌ನಲ್ಲಿ ಕರೆ ಬಂದದ್ದೇ ಫೋನು 2ಜಿಗೆ ಇಳಿಯಿತು, ಡೇಟಾ ನಿಂತಿತು, ಮೀಟಿಂಗ್ ಕಡಿಯಿತು. ಏಣಿಗೆ ಕೈ ಹಾಕಿದೆ. ಜೇಬಿನಲ್ಲಿದ್ದ ಕೀಪ್ಯಾಡ್ ಫೋನು ಬಡಿದುಕೊಂಡಿತು. ಪಕ್ಕದ ತೋಟದ ರೈಟರ್.

"ಅಣ್ಣ, ಎಲ್ಲಿದ್ದೀರಿ? ಆನೆ ಹಳ್ಳ ದಾಟಿ ನಿಮ್ಮ ಮೇಲಿನ ಬ್ಲಾಕ್ ಹತ್ತಿದಾವೆ!"

ಉಸಿರು ಹಿಡಿದು ಕಿವಿಗೊಟ್ಟೆ. ಮಳೆಯ ಸದ್ದಿನ ಒಳಗಿಂದ, ಎಡಗಡೆಯ ಹಲಸಿನ ಮರಗಳತ್ತ, ಲಟಕ್ ಎಂದು ಕೊಂಬೆ ಮುರಿಯಿತು. ಮತ್ತೊಂದು. ಏಣಿ ಬಿಟ್ಟೆ. ಫೋನು ಮರದಲ್ಲೇ ಇರಲಿ.

"ಪುಟ್ಟಿ, ಮೀಟಿಂಗ್ ಮೇಲ್ ತೆರೆದೇ ಇದೆಯಾ? ಕೊನೇಲಿ ಫೋನ್ ನಂಬರ್ ಇದೆಯಾ ನೋಡು!"

ಇತ್ತು. ಎಲ್ಲ ಆಹ್ವಾನಗಳಲ್ಲೂ ಇರುವುದಿಲ್ಲ, ಇದರಲ್ಲಿತ್ತು. ಆ ನಂಬರಿಗೆ ಮಾಮೂಲಿ ಕರೆ ಮಾಡಿ, ಮೀಟಿಂಗ್ ಐಡಿ ಒತ್ತಿದರೆ ಇಂಟರ್ನೆಟ್ಟಿನ ಹಂಗೇ ಇಲ್ಲದೆ ದನಿ ಒಳಗೆ ಹೋಗುತ್ತದೆ. ಕೀಪ್ಯಾಡ್ ಫೋನು ಅವಳ ಕೈಗಿಟ್ಟು, ಎಂಜಿನ್ ಮುಟ್ಟದೆ, ಬ್ರೇಕ್ ಸಡಿಲಿಸಿ ಜೀಪನ್ನು ಬಲಗಡೆಯ ಇಳಿಜಾರಿಗೆ ಬಿಟ್ಟೆ. ನಡುಗುವ ಬೆರಳಲ್ಲಿ ಅವಳು ಅಂಕಿ ಒತ್ತುತ್ತಿದ್ದಾಳೆ. ಕನ್ನಡಿಯಲ್ಲಿ ಕಾಫಿ ಗಿಡಗಳ ಮೇಲೆ ಬೂದು ಬೆನ್ನೊಂದು ಕಂಡು ಮರೆಯಾಯಿತು. ಜೀಪು ಹೊಂಡಕ್ಕೆ ಬಿದ್ದೆದ್ದಿತು. ಹಿಂದಿನ ಸೀಟಿನಿಂದ ದನಿ ಕೇಳಿತು, ಸ್ವಲ್ಪವೂ ತೊದಲದೆ:

"ಕ್ಷಮಿಸಿ ಸರ್, ಕರೆ ಕಡಿಯಿತು. ಮೂರನೇ ಪ್ರಶ್ನೆಗೆ ಉತ್ತರ ಮುಂದುವರಿಸುತ್ತೇನೆ."

ಕೆಲಸ ಸಿಕ್ಕಿತು. ಅಂದು ಆ ಮೂವರು ತಾಳ್ಮೆಯಿಂದ ಕಾದರು, ಮುಖ ಕಾಣದ ದನಿಯನ್ನು ಪೂರ್ತಿ ಕೇಳಿದರು. ಸಂದರ್ಶನ ಮಾಡುವವರಲ್ಲಿ, ಪಾಠ ಹೇಳುವವರಲ್ಲಿ ನನ್ನದೊಂದು ಬೇಡಿಕೆ: ಮಲೆನಾಡಿನ ಮಕ್ಕಳು ವಿಡಿಯೊ ಆಫ್ ಮಾಡುತ್ತೇವೆ ಎಂದರೆ ಒಪ್ಪಿಕೊಳ್ಳಿ, ಆಹ್ವಾನದಲ್ಲಿ ಒಂದು ಫೋನ್ ನಂಬರನ್ನೂ ತಪ್ಪದೆ ಕೊಡಿ.